ದೀರ್ಘಾಯುಷಿ ನೊಣಗಳಿಗೆ ನಾನು ಮಾಡಿದ ಅಡುಗೆ

ನನಗೆ ಅಡುಗೆ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ನನ್ನ ಹೆಂಡತಿ ಸುಮಾಗೆ ಇತ್ತು. ಆದರೆ ನಾನು ಅಡುಗೆ ಮಾಡುವುದು ಮನುಷ್ಯರಿಗಲ್ಲವಾದ್ದರಿಂದ ಅವಳ ಅಭಿಪ್ರಾಯವನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ನಾನು ಅಡುಗೆ ಮಾಡುವುದು ನೊಣಗಳಿಗೆ!

ಗಾಬರಿಯಾಗಬೇಡಿ. ನಾನು ಜೆ.ಪಿ. ನಗರದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಮೇಷ್ಟ್ರು. ನಮ್ಮ ಲ್ಯಾಬಿನಲ್ಲಿ ಸಾಕುವುದು ಹಣ್ಣಿನ ನೊಣಗಳನ್ನು. ನಿಮ್ಮ ಮನೆಯ ಬಾಳೆಹಣ್ಣು ಸ್ವಲ್ಪ ಕಪ್ಪಾದರೆ ಸಾಕು, ಕರೆಯದೆ ಬಂದು ಸುತ್ತ ಹಾರಾಡುತ್ತವಲ್ಲ, ಸಾಸಿವೆ ಕಾಳಿನಷ್ಟು ಪುಟ್ಟವು, ಅವೇ. ನೀವು ಕೈ ಬೀಸಿ ಓಡಿಸುವ ಆ ಜೀವಿಗಳನ್ನು ನಾವು ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ಹತ್ತಿ ತುರುಕಿ, ಹೊತ್ತು ಹೊತ್ತಿಗೆ ಊಟ ಹಾಕಿ, ಅವುಗಳ ಮಕ್ಕಳು ಮೊಮ್ಮಕ್ಕಳ ಜಾತಕ ಬರೆದಿಡುತ್ತೇವೆ. ಇದಕ್ಕೆ ಸಂಬಳವನ್ನೂ ಪಡೆಯುತ್ತೇವೆ.

ನೊಣಗಳ ಈ ಊಟಕ್ಕೆ ನಮ್ಮಲ್ಲಿ ‘ಮೀಡಿಯಂ’ ಎಂದು ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಸಣ್ಣ ರವೆ, ಬೆಲ್ಲ, ನೀರು, ಜೊತೆಗೆ ಅಗರ್ ಎಂಬ ಸಮುದ್ರ ಪಾಚಿಯ ಪುಡಿ. ಎಲ್ಲವನ್ನೂ ಕುದಿಸಿ ಮಗುಚಿದರೆ ಆಯಿತು. ಅಗರ್ ಇದ್ದರೆ ಆರಿದ ಮೇಲೆ ಹಲ್ವದ ಹಾಗೆ ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ಪಾಯಸವಾಗಿ, ನೊಣಗಳು ಅದರಲ್ಲಿ ಮುಳುಗಿ ಸಾಯುತ್ತವೆ. ಒಲೆಯಿಂದ ಇಳಿಸಿದ ಮೇಲೆ, ಬೂಷ್ಟು ಹಿಡಿಯದಿರಲಿ ಎಂದು ಕೊನೆಗೆ ಒಂದಿಷ್ಟು ಆಸಿಡ್ ಬೆರೆಸಬೇಕು. ಇಷ್ಟೇ ಕೆಲಸ. ನಾನು ಮರೆತದ್ದು ಆ ಕೊನೆಯದನ್ನು.

ಮರೆತದ್ದು ನನಗೆ ಗೊತ್ತಾದದ್ದು ಭಾಗ್ಯಶ್ರೀ ಬಾಗಿಲಲ್ಲಿ ಬಂದು ನಿಂತಾಗ. ಭಾಗ್ಯಶ್ರೀ ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಊರು ಬಾಗಲಕೋಟೆ ಕಡೆ, ಇಲ್ಲಿ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ವಾಸ. ತಲೆಮಾರಿನ ಮೇಲೆ ತಲೆಮಾರು ಆರಿಸುತ್ತಾ ಹೋಗಿ, ಸಾಮಾನ್ಯ ನೊಣಗಳಿಗಿಂತ ಹೆಚ್ಚು ದಿನ ಬದುಕುವ ದೀರ್ಘಾಯುಷಿ ನೊಣಗಳ ವಂಶವೊಂದನ್ನು ಬೆಳೆಸಿದ್ದಳು. ಇಡೀ ಪ್ರಪಂಚದಲ್ಲಿ ಅವು ಇದ್ದದ್ದು ನಮ್ಮ ಲ್ಯಾಬಿನ ಒಂದು ಕಪಾಟಿನಲ್ಲಿ ಮಾತ್ರ. ಹಬ್ಬಕ್ಕೆ ಊರಿಗೆ ಹೋದರೂ ದಿನವೂ ಫೋನ್ ಮಾಡಿ ಅವುಗಳ ಕ್ಷೇಮ ವಿಚಾರಿಸುತ್ತಿದ್ದಳು. ನನ್ನ ಕ್ಷೇಮ ಒಮ್ಮೆಯೂ ಕೇಳಿದ್ದಿಲ್ಲ.

“ಸರ, ಇಲ್ನೋಡ್ರಿ. ಎಲ್ಲಾ ಬಾಟ್ಲಿಗೂ ಬೂಷ್ಟ್ ಬಂದೈತಿ” ಎಂದು ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಒಳಗೆ ಬೆಕ್ಕಿನ ಮರಿಯೊಂದು ಮಲಗಿದಂತೆ ಬೂದು ಬಣ್ಣದ ತುಪ್ಪಳ! “ಈ ಸಲ ಮೀಡಿಯಂ ನೀವಽ ಮಾಡಿದ್ರಿ. ಆಸಿಡ್ ಹಾಕಿದ್ರಿ ಹೌದಿಲ್ಲೊ?”

“ಹಾಕಿರಬೇಕು” ಎಂದೆ. ಮೇಷ್ಟ್ರುಗಳ ಭಾಷೆಯಲ್ಲಿ ‘ಹಾಕಿರಬೇಕು’ ಎಂದರೆ ‘ಇಲ್ಲ’ ಎಂದರ್ಥ.

“ನಾಳೆ ಸಂಜಿ ಒಳಗ ಹೊಸಾ ಮೀಡಿಯಂಗೆ ಬಿಡ್ಲಿಲ್ಲಂದ್ರ ಒಂದೂ ಉಳಿಯೂದಿಲ್ರಿ. ಹುಳಾ ಹೋದ್ರ ಥೀಸಿಸ್ಸೂ ಹೋತು. ಮತ್ತ ಮೊದ್ಲಿಂದ ಮಾಡಾಕ ನನ್ನ ಕೈಲೆ ಆಗೂದಿಲ್ರಿ ಸರ” ಎಂದವಳ ಕಣ್ಣು ತುಂಬಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ದೀರ್ಘಾಯುಷಿಗಳನ್ನು ಅಲ್ಪಾಯುಷಿಗಳನ್ನಾಗಿ ಮಾಡಿದ ಕೀರ್ತಿ ಇಡೀ ಜೀವವಿಜ್ಞಾನದ ಇತಿಹಾಸದಲ್ಲಿ ನನ್ನೊಬ್ಬನಿಗೇ ಸಲ್ಲುವುದರಲ್ಲಿತ್ತು.

“ಅಳಬೇಡಮ್ಮ. ನಾಳೆ ಬೆಳಗ್ಗೆ ಮೀಡಿಯಂ ನಿನ್ನ ಮೇಜಿನ ಮೇಲಿರುತ್ತೆ. ಇದು ನನ್ನ ಜವಾಬ್ದಾರಿ” ಎಂದು ಗಂಭೀರವಾಗಿ ಘೋಷಿಸಿದೆ. ಆಗ ಅವಳ ಅಳು ಇನ್ನೂ ಜೋರಾಯಿತು.

ಮಾತು ಕೊಟ್ಟ ಮೇಲೆ ಲ್ಯಾಬಿಗೆ ಹೋಗಿ ನೋಡಿದರೆ ಒಲೆಯೇ ಇಲ್ಲ. ಮರುದಿನ ನಮ್ಮ ವಿಭಾಗದ ಓಪನ್ ಡೇ. ಶಾಲೆಯ ಮಕ್ಕಳು ಬಂದು ಅಸ್ಥಿಪಂಜರ, ಮೈಕ್ರೋಸ್ಕೋಪು ಎಲ್ಲ ನೋಡುವ ದಿನ. ಜೊತೆಗೆ ವಿದ್ಯಾರ್ಥಿಗಳ ತಿಂಡಿ ಸ್ಟಾಲ್ ಬೇರೆ. ವಿಭಾಗಕ್ಕೆ ಇದ್ದ ಒಂದೇ ಗ್ಯಾಸ್ ಒಲೆಯನ್ನು ಮೆಣಸಿನಕಾಯಿ ಬಜ್ಜಿ ಕರಿಯಲು ಸ್ಟಾಲಿಗೆ ಕೊಡಬೇಕೆಂದು ನಮ್ಮ ಹೆಡ್ ರಂಗನಾಥ್ ಅವರ ಅಪ್ಪಣೆಯಾಗಿತ್ತು. ಬಜ್ಜಿಯ ಮುಂದೆ ಸಂಶೋಧನೆ ಯಾವ ಲೆಕ್ಕ? ಸರಿ, ಮನೆಯಲ್ಲೇ ಮಾಡಿದರಾಯಿತು ಎಂದು ಡಬ್ಬಿಯಲ್ಲಿ ಉಳಿದಿದ್ದ ಅಗರ್ ಅಷ್ಟನ್ನೂ ಬಳಿದು ಚೀಲಕ್ಕೆ ಹಾಕಿಕೊಂಡೆ. ಹೊಸ ಡಬ್ಬಿ ಬೇಕೆಂದರೆ ಅರ್ಜಿ, ಸಹಿ, ಕೊಟೇಶನ್ ಎಲ್ಲ ಮುಗಿಯುವಷ್ಟರಲ್ಲಿ ಎಂಥ ದೀರ್ಘಾಯುಷಿ ನೊಣವಾದರೂ ತೀರಿಕೊಂಡಿರುತ್ತಿತ್ತು.

ನಮ್ಮ ಬಾಡಿಗೆ ಮನೆ ಪದ್ಮನಾಭನಗರದಲ್ಲಿ, ಮೊದಲ ಮಹಡಿ. ಸುಮಾ ತನ್ನ ತಂಗಿಯ ಮನೆಗೆ ಹೋಗಿದ್ದಳು. ಅಡುಗೆಮನೆ ನನ್ನದೇ ಸಾಮ್ರಾಜ್ಯ! ಅವಳು ಹಬ್ಬಕ್ಕೆ ಮಾತ್ರ ಇಳಿಸುವ ದಪ್ಪ ತಳದ ಪಾತ್ರೆಯನ್ನು ಅಟ್ಟದಿಂದ ಇಳಿಸಿದೆ. ಲ್ಯಾಬಿನಲ್ಲಾದರೆ ಎಲ್ಲಕ್ಕೂ ತಕ್ಕಡಿ ಉಂಟು. ಇಲ್ಲಿ ಕಣ್ಣಳತೆ. ರವೆ ಊದುತ್ತದೆ ಎಂಬುದು ನನಗೆ ತಿಳಿದಿತ್ತು. ಎಷ್ಟು ಊದುತ್ತದೆ ಎಂಬುದು ತಿಳಿದಿರಲಿಲ್ಲ.

ಪಾತ್ರೆ ತುಂಬಿತು. ಅರ್ಧವನ್ನು ಕುಕ್ಕರಿಗೆ ಸುರಿದೆ. ಗಟ್ಟಿಯಾಯಿತೆಂದು ನೀರು ಹಾಕಿದೆ. ನೀರಾಯಿತೆಂದು ರವೆ ಹಾಕಿದೆ. ಕುಕ್ಕರ್ ತುಂಬಿತು. ದೋಸೆ ಹಿಟ್ಟಿನ ಡಬರಿ ಇಳಿಸಿದೆ, ಅದೂ ತುಂಬಿತು. ಅದು ಕೊತಕೊತ ಕುದಿಯುತ್ತಾ ಗೋಡೆಗೆ, ಕಿಟಕಿಗೆ, ನನ್ನ ಕನ್ನಡಕಕ್ಕೆ ಹಾರತೊಡಗಿತು. ಆದರೂ ಮಗುಚುವುದನ್ನು ಬಿಡಲಿಲ್ಲ. ಕೊನೆಗೆ ಹೊಂಬಣ್ಣದ, ನುಣುಪಾದ ಮೀಡಿಯಂ ಸಿದ್ಧವಾಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕೆನ್ನಿಸಿತು. ಕೈಗೆ ಬೆಲ್ಲ ಮೆತ್ತಿದ್ದರಿಂದ ತಟ್ಟಿಕೊಳ್ಳಲಿಲ್ಲ.

ಅಷ್ಟರಲ್ಲಿ ಬೆಲ್ಲದ ಘಮ ಮೆಟ್ಟಿಲಿಳಿದು ಕೆಳಗೆ ಹೋಗಿ ಮನೆ ಮಾಲೀಕರಾದ ಮುನಿಯಪ್ಪನವರನ್ನು ಕರೆದುಕೊಂಡು ಬಂದಿತ್ತು. ಮುನಿಯಪ್ಪನವರು ಹಿಂದೆ ಇಟ್ಟಮಡುವಿನಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ.

“ಏನ್ ಸಾರ್, ಘಮ್ ಅಂತೈತೆ! ಯಾವ್ ಹಬ್ಬ?”

“ಹಬ್ಬ ಅಲ್ಲ ಅಂಕಲ್. ನೊಣಕ್ಕೆ.”

“ಯಾರ್ಗೆ?”

“ನೊಣಕ್ಕೆ. ನಮ್ಮ ಲ್ಯಾಬಲ್ಲಿ ಸಾಕಿದೀವಲ್ಲ, ಅವಕ್ಕೆ.”

ಅವರು ಒಮ್ಮೆ ಪಾತ್ರೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. “ನೊಣಕ್ಕೆ ಬೆಲ್ಲದ ಹಲ್ವ ಮಾಡ್ತೀರಾ! ಇಷ್ಟ್ ವರ್ಸದಿಂದ ನಮ್ಮ ಮನೆ ಮೇಲೇ ಇದೀರಾ, ನಮಗೊಂದ್ ಲೋಟ ಟೀ ಕೊಟ್ಟಿಲ್ವಲ್ಲ ಸಾರ್ ನೀವು!”

ಅವರು ಸೌಟು ತೆಗೆದುಕೊಂಡು, ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿದರು. ಆಸಿಡ್ ಇನ್ನೂ ಹಾಕಿರಲಿಲ್ಲವಾದ್ದರಿಂದ ಅವರನ್ನು ತಡೆಯಲು ನನಗೆ ವೈಜ್ಞಾನಿಕ ಕಾರಣವೂ ಇರಲಿಲ್ಲ. “ಸಕತ್ತಾಗೈತೆ ಸಾರ್. ನೊಣ ಪುಣ್ಯ ಮಾಡವೆ” ಎಂದವರೇ ಡಬರಿಯನ್ನು ಎತ್ತಿಕೊಂಡು ಕೆಳಗೆ ಹೊರಟರು. ಬಾಡಿಗೆದಾರನಾದವನು ಮಾಲೀಕರಿಗೆ ಬೇಡ ಎನ್ನುವುದು ಹೇಗೆ? ಪಾತ್ರೆ, ಕುಕ್ಕರ್ ಇವೆಯಲ್ಲ, ಸಾಕು ಎಂದುಕೊಂಡೆ.

ಇನ್ನು ಆಸಿಡ್ ಹಾಕಿದರೆ ಮುಗಿಯಿತು ಎಂದು ಚೀಲಕ್ಕೆ ಕೈ ಹಾಕಿದೆ. ಆಸಿಡ್ ಇರಲಿಲ್ಲ! ಲ್ಯಾಬಿನಲ್ಲೇ ಬಿಟ್ಟು ಬಂದಿದ್ದೆ. ಒಂದೇ ವಸ್ತುವನ್ನು ಎರಡು ಸಲ ಮರೆಯಲು ಬೇರೆಯದೇ ಪ್ರತಿಭೆ ಬೇಕು. ಪಾತ್ರೆಗಳನ್ನು ಮುಚ್ಚಿಟ್ಟು ಸ್ಕೂಟರ್ ಏರಿ ಲ್ಯಾಬಿಗೆ ಓಡಿದೆ. ಅಲ್ಲಿ ಹೆಡ್ ರಂಗನಾಥ್ ಹಿಡಿದುಕೊಂಡರು. “ಒಳ್ಳೇ ಟೈಮಿಗೆ ಬಂದ್ರಿ. ಬನ್ನಿ, ಬಲೂನ್ ಊದೋರಿಲ್ಲ” ಎಂದರು. ಶ್ವಾಸಕೋಶದ ರಚನೆಯನ್ನು ಇಷ್ಟು ವರ್ಷ ಪಾಠ ಮಾಡಿದ್ದ ನಾನು ಅಂದು ಅದರ ಮಿತಿಯನ್ನು ಕಂಡುಕೊಂಡೆ. ಮಧ್ಯೆ ಫೋನಿನ ಚಾರ್ಜೂ ಮುಗಿಯಿತು. ಆಸಿಡ್ ಬಾಟಲಿ ಹುಡುಕಿಕೊಂಡು ಮನೆ ಸೇರುವಷ್ಟರಲ್ಲಿ ಸಂಜೆ ದೀಪ ಹಚ್ಚುವ ಹೊತ್ತು.

ಬಾಗಿಲು ತೆರೆದರೆ ತುಪ್ಪದ ವಾಸನೆ.

ಊಟದ ಮೇಜಿನ ಮೇಲೆ ತಟ್ಟೆಗಳು. ತಟ್ಟೆಗಳ ತುಂಬ ಚೌಕ ಚೌಕವಾಗಿ ಕತ್ತರಿಸಿದ ನನ್ನ ಮೀಡಿಯಂ. ಪ್ರತಿಯೊಂದು ತುಂಡಿನ ಮೇಲೂ ಒಂದೊಂದು ಗೋಡಂಬಿ! ಸುಮಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

“ಏನ್ರೀ, ನನಗೆ ಒಂದು ಮಾತೂ ಹೇಳಲಿಲ್ಲ ನೀವು. ನಿಮ್ಮ ಹೆಡ್ ಮನೆಯವರು ಫೋನ್ ಮಾಡಿದ್ರು, ನಾಳೆ ಸ್ಟಾಲಿಗೆ ಎಲ್ಲರ ಮನೆಯಿಂದ್ಲೂ ಒಂದೊಂದು ಸ್ವೀಟ್ ಅಂತ. ನಾನೆಲ್ಲಿ ಒದ್ದಾಡ್ತೀನೋ ಅಂತ ನೀವೇ ಮಾಡಿಟ್ಟಿದೀರಲ್ಲ! ಮದುವೆಯಾದಾಗಿಂದ ಒಂದು ದಿನ ಒಲೆ ಹಚ್ಚಿದವರಲ್ಲ...”

“ಸುಮಾ, ಅದು...”

“ಸ್ವಲ್ಪ ಸಪ್ಪೆ ಇತ್ತು ಅಷ್ಟೆ. ತುಪ್ಪ, ಏಲಕ್ಕಿ ಹಾಕೋದು ನಿಮಗೆ ಗೊತ್ತಾಗಿಲ್ಲ. ಎಲ್ಲಾ ಕರಗಿಸಿ ನಾನು ಸರಿ ಮಾಡಿದೀನಿ. ಇವತ್ತು ನನಗೆ ಎಷ್ಟು ಖುಷಿಯಾಗಿದೆ ಗೊತ್ತಾ?”

ಇಷ್ಟು ವರ್ಷ ನೊಣಗಳ ಅಡುಗೆಯೆಲ್ಲ ಲ್ಯಾಬಿನಲ್ಲೇ ನಡೆದಿದ್ದರಿಂದ ಅವುಗಳ ಮೆನು ಅವಳಿಗೆ ತಿಳಿದಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಬಾಯಿ ಮುಚ್ಚಿದೆ. ಹೆಂಡತಿ ನನ್ನನ್ನು ಮೆಚ್ಚಿಕೊಂಡು ಆನಂದಬಾಷ್ಪ ಸುರಿಸುತ್ತಿರುವಾಗ ‘ಅದು ನೊಣಗಳಿಗೆ ಮಾಡಿದ್ದು ಕಣೇ’ ಎನ್ನುವ ಧೈರ್ಯ ಯಾವ ವಿಜ್ಞಾನಿಗೂ ಇರಲಾರದು. ಹೇಗೂ ನಾಳೆ ಬೆಳಗ್ಗೆ ತಟ್ಟೆಗಳನ್ನು ಸ್ಟಾಲಿನ ಬದಲು ನೇರವಾಗಿ ಲ್ಯಾಬಿಗೆ ಒಯ್ದು, ಚಿಮುಟದಿಂದ ಗೋಡಂಬಿ ಕಿತ್ತು, ಕರಗಿಸಿ, ಆಸಿಡ್ ಬೆರೆಸಿ ಬಾಟಲಿಗೆ ಹಾಕಿದರಾಯಿತು ಎಂದು ಯೋಜನೆ ಹಾಕಿದೆ. ತುಪ್ಪ ತಿಂದ ನೊಣಗಳ ಆಯುಸ್ಸು ಹೆಚ್ಚುತ್ತದೋ ಕಡಿಮೆಯಾಗುತ್ತದೋ, ಅದು ಬೇರೆ ಥೀಸಿಸ್ ಎಂದು ಸಮಾಧಾನ ಮಾಡಿಕೊಂಡೆ.

ಬೆಳಗ್ಗೆ ಸುಮಾ ಸೀರೆಯುಟ್ಟು ನನ್ನ ಜೊತೆಗೇ ಹೊರಟಳು. ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ವಿಭಾಗದ ಮುಂದೆ ಇಳಿದೆವು. ನಾನು ಆಟೋದವನಿಗೆ ಚಿಲ್ಲರೆ ಹುಡುಕುತ್ತಿದ್ದಾಗ ಸ್ಟಾಲಿನ ಹುಡುಗರು ಹದ್ದುಗಳಂತೆ ಎರಗಿ, “ಆಂಟಿ, ಕೊಡಿ ಆಂಟಿ” ಎಂದು ಎಲ್ಲ ತಟ್ಟೆಗಳನ್ನೂ ಎತ್ತಿಕೊಂಡು ಹೋದರು. ಅವರ ಹಿಂದೆ ಓಡಲು ಒಂದು ಕಾಲು ಎತ್ತಿದ್ದೆ. ಹೆಡ್ ರಂಗನಾಥ್ ನನ್ನ ತೋಳು ಹಿಡಿದು, “ಚೀಫ್ ಗೆಸ್ಟ್ ಬಂದ್ರು, ಬೊಕ್ಕೆ ನೀವೇ ಕೊಡಬೇಕು” ಎಂದು ಎಳೆದುಕೊಂಡು ಹೋದರು. ಮುಖ್ಯ ಅತಿಥಿ, ಬೇರೆ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಹಿರಿಯ ಪ್ರಾಧ್ಯಾಪಕಿ. ಬಿಳಿ ಕೂದಲು, ಕೋಲು ಹಿಡಿದ ಕೈ, ಯಾರನ್ನೂ ಬಿಡದ ನೋಟ. ದೀಪ ಬೆಳಗಿಸಿದರು. ಸ್ವಾಗತ ಆಯಿತು, ಪ್ರಾಸ್ತಾವಿಕ ಆಯಿತು, ಪ್ರಾಸ್ತಾವಿಕದ ಮೇಲೆ ಇನ್ನೆರಡು ಮಾತಾಯಿತು. ನಾನು ವೇದಿಕೆಯ ಮೇಲೆ ಕುಳಿತು ಬೆವರಿದೆ.

ವೇದಿಕೆ ಇಳಿದು ಸ್ಟಾಲಿಗೆ ಓಡಿ ನೋಡುತ್ತೇನೆ, ಬಜ್ಜಿಯ ಮುಂದೆ ಯಾರೂ ಇಲ್ಲ. ಜನರೆಲ್ಲ ನನ್ನ ತಟ್ಟೆಗಳ ಸುತ್ತ! “ಸರ್, ಸಖತ್ ಸರ್! ನೀವೇ ಮಾಡಿದ್ದಂತೆ? ಆಂಟಿ ಹೇಳಿದ್ರು” ಎಂದು ಹುಡುಗನೊಬ್ಬ ಎರಡೂ ಕೈಯಲ್ಲಿ ತಿನ್ನುತ್ತಿದ್ದ. ಉಳಿದಿದ್ದದ್ದು ಒಂದು ತಟ್ಟೆಯ ಮೂಲೆಯಲ್ಲಿ ಕೆಲವೇ ತುಂಡು. ಅದಕ್ಕೆ ಕೈ ಹಾಕಿದೆ. ಅದೇ ಹೊತ್ತಿಗೆ ಇನ್ನೊಂದು ಕೈಯೂ ಬಂತು. ಮುಖ್ಯ ಅತಿಥಿಗಳದ್ದು! ಅವರೊಂದು ಕಡೆ, ನಾನೊಂದು ಕಡೆ ತಟ್ಟೆ ಹಿಡಿದು ನಿಂತೆವು.

“ಬಿಡಿ ಮೇಡಂ, ಪ್ಲೀಸ್” ಎಂದೆ.

“ನೀವು ಬಿಡಿ” ಎಂದರು ಅವರು.

“ಮಾಡಿದ್ದೂ ಅವರೇ, ಕಿತ್ಕೊಳ್ತಿರೋದೂ ಅವರೇ! ಏನಾಗಿದೆ ರೀ ನಿಮಗೆ?” ಎಂದಳು ಸುಮಾ.

ಸರಿಯಾಗಿ ಆಗಲೇ ಗುಂಪನ್ನು ಸೀಳಿಕೊಂಡು ಭಾಗ್ಯಶ್ರೀ ಬಂದಳು. ಖಾಲಿ ತಟ್ಟೆಗಳನ್ನು ನೋಡಿದಳು, ಒಂದು ತುಣುಕನ್ನು ಬೆರಳಲ್ಲಿ ಒತ್ತಿ ನೋಡಿದಳು. ಅಗರ್ ಹಾಕಿದ ಪದಾರ್ಥದ ಪುಟಿತ ಅವಳ ಬೆರಳಿಗೆ ಗೊತ್ತಾಗದೆ ಇದ್ದೀತೆ? “ಸರ! ಇದು ನನ್ನ ನೊಣದ ಊಟ ಅಲ್ಲೇನ್ರಿ! ಎಲ್ಲಾ ಮಂದಿಗೆ ತಿನಿಸಿಬಿಟ್ರಲ್ರಿ ಸರ!” ಎಂದು ಗೋಳೋ ಎಂದು ಅತ್ತಳು.

ಸ್ಟಾಲಿನಲ್ಲಿ ಎಲ್ಲರ ದವಡೆಗಳೂ ನಿಂತವು. ಹೆಡ್ ರಂಗನಾಥ್ ಅವರ ಬಾಯಿಯಲ್ಲಿದ್ದ ತುಂಡು ಒಳಗೂ ಹೋಗಲಾರದೆ ಹೊರಗೂ ಬರಲಾರದೆ ನಿಂತಿತು. ಸುಮಾ ನನ್ನ ಕಡೆ ತಿರುಗಿದಳು. ಆ ನೋಟದ ವರ್ಣನೆ ಮಾಡುವುದಿಲ್ಲ.

ಮುಖ್ಯ ಅತಿಥಿಗಳು ಮಾತ್ರ ನಿಧಾನವಾಗಿ ಅಗಿಯುತ್ತಲೇ ಇದ್ದರು. “ಪ್ರೋಪಿಯಾನಿಕ್ ಆಸಿಡ್ ಹಾಕಿದೀರಾ?” ಎಂದು ಕೇಳಿದರು.

“ಇಲ್ಲ ಮೇಡಂ. ಮರೆತೆ.”

“ಹಾಗಾದ್ರೆ ಇನ್ನೊಂದು ಪೀಸ್ ಕೊಡಿ” ಎಂದು ತಟ್ಟೆಯನ್ನು ಪೂರ್ತಿ ತಮ್ಮ ಕಡೆ ಎಳೆದುಕೊಂಡರು. ಅವರೂ ಜೀವನವಿಡೀ ನೊಣ ಸಾಕಿದವರೇ! “ನಾವು ಓದುವಾಗ ಮೀಡಿಯಂ ಬಾಟಲಿಗೆ ಹಾಕೋ ಮೊದ್ಲು ಒಂದೊಂದು ಚಮಚ ತಿಂತಾ ಇದ್ವಿ. ಆದ್ರೆ ತುಪ್ಪ ಹಾಕೋದು ನಮಗ್ಯಾರಿಗೂ ಹೊಳೆದಿರಲಿಲ್ಲ. ಶಭಾಷ್!” ದೊಡ್ಡವರೇ ತಿಂದ ಮೇಲೆ ಕೇಳಬೇಕೆ? ನಿಂತ ದವಡೆಗಳೆಲ್ಲ ಮತ್ತೆ ಆಡಿದವು. ಅಲ್ಲೇ ನಿಂತು ಅವರು ಸಿಹಿ ತಿಂಡಿಯ ಮೊದಲ ಬಹುಮಾನವನ್ನು ನನಗೆ ಘೋಷಿಸಿ, ಸ್ಟೀಲ್ ಲೋಟವೊಂದನ್ನು ಕೈಗಿಟ್ಟೇಬಿಟ್ಟರು. ನನ್ನ ಇಡೀ ವೃತ್ತಿಜೀವನದಲ್ಲಿ ನೊಣಗಳಿಂದ ನನಗೆ ಬಂದ ಮೊದಲ ಪ್ರಶಸ್ತಿ!

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾಗ್ಯಶ್ರೀ ತಟ್ಟಲಿಲ್ಲ. “ಪ್ರೈಜ್ ನಿಮಗ ಬಂತು, ಊಟ ಮಂದಿಗೆ ಹೋತು. ನನ್ನ ಹುಳಾ ಸಂಜಿತನಾ ಇರೂದಿಲ್ರಿ” ಎಂದಳು ಸಣ್ಣ ದನಿಯಲ್ಲಿ. ಕೈಯಲ್ಲಿದ್ದ ಬಹುಮಾನದ ಲೋಟ ನನಗೆ ಸುಡುತ್ತಿರುವಂತೆ ಅನಿಸಿತು. ಅಗರ್ ಇಲ್ಲ, ಮೀಡಿಯಂ ಇಲ್ಲ. ಅಷ್ಟು ಕಾಲ ಅವಳು ಪಟ್ಟ ಶ್ರಮ ನಮ್ಮೆಲ್ಲರ ಹೊಟ್ಟೆಯಲ್ಲಿ ಕರಗುತ್ತಿತ್ತು.

ಸುಮಾ ಕೋಪವನ್ನು ಮನೆಗೆಂದು ಎತ್ತಿಟ್ಟು ಕೆಲಸದ ಪ್ರಶ್ನೆ ಕೇಳಿದಳು. “ಅಲ್ರೀ, ನನ್ನ ದೋಸೆ ಹಿಟ್ಟಿನ ಡಬರಿ ನಿನ್ನೆಯಿಂದ ಕಾಣ್ತಿಲ್ಲ. ಎಲ್ಲಿ?”

ಡಬರಿ! ತಕ್ಷಣ ಮುನಿಯಪ್ಪನವರಿಗೆ ಫೋನ್ ಮಾಡಿದೆ. “ಅಂಕಲ್, ನಿನ್ನೆ ಒಯ್ದ ಹಲ್ವ... ತಿಂದಾಯ್ತಾ?”

“ಅದ್ರ ಕತೆ ಕೇಳ್ಬೇಡಿ ಸಾರ್” ಎಂದು ಅವರು ನಿಟ್ಟುಸಿರು ಬಿಟ್ಟರು. “ನಿಮ್ಮ ಜಯಮ್ಮ ಆಂಟಿ ಒಂದ್ ತುಂಡು ಮುಟ್ಟಕ್ ಬುಡ್ಲಿಲ್ಲ. ಶುಗರ್ ಐತೆ, ತಿಂದ್ರೆ ನೋಡು ಅಂತ ಕಿತ್ಕೊಂಡು ಫ್ರಿಜ್ಜಲ್ಲಿಟ್ಟು ಬೀಗ ಹಾಕವ್ಳೆ. ನೀವಾದ್ರೂ ಒಂದ್ ಮಾತು ಹೇಳಿ ಸಾರ್!”

“ಅಂಕಲ್, ತಿನ್ನಬೇಡಿ! ಹಾಗೇ ನಮ್ಮ ಲ್ಯಾಬಿಗೆ ತಗೊಂಡು ಬನ್ನಿ!”

“ನೀವೂ ಅವಳ ಪಾರ್ಟಿನಾ?” ಎಂದು ಅವರು ಬೇಸರ ಮಾಡಿಕೊಂಡರು. ಆದರೂ ಬಂದರು. ಸ್ಕೂಟರ್ ಓಡಿಸುತ್ತಾ ಮುನಿಯಪ್ಪನವರು, ಹಿಂದೆ ಡಬರಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಜಯಮ್ಮ ಆಂಟಿ. ಗಂಡನ ಕೈಗೆ ಡಬರಿ ಕೊಟ್ಟು ಕಳಿಸುವಷ್ಟು ನಂಬಿಕೆ ಆಕೆಗಿರಲಿಲ್ಲ. ಗೇಟಿನಿಂದ ಲ್ಯಾಬಿನವರೆಗೆ ಶಾಲೆಯ ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಮುಖ್ಯ ಅತಿಥಿಗಳಿಗೂ ಇಂಥ ಸ್ವಾಗತ ಸಿಕ್ಕಿರಲಿಲ್ಲ.

ತುಪ್ಪವಿಲ್ಲ, ಏಲಕ್ಕಿಯಿಲ್ಲ, ಗೋಡಂಬಿಯಿಲ್ಲ. ಅಪ್ಪಟ ಮೀಡಿಯಂ! ಬಜ್ಜಿಯ ಒಲೆಯನ್ನು ಲ್ಯಾಬಿಗೆ ಎತ್ತಿ ತರಲಾಯಿತು. ಸುಮಾ ಕರಗಿಸಿದಳು. ಮುಖ್ಯ ಅತಿಥಿಗಳು ತಾವೇ ಆಸಿಡ್ ಅಳೆದು ಹಾಕಿದರು. ನಾನು ಹತ್ತಿರ ಹೋದಾಗ “ನೀವು ದೂರ ಇರಿ” ಎಂದರು. ಬಾಟಲಿಗಳಿಗೆ ಹುಯ್ದು, ಆರಿಸಿ, ಯೀಸ್ಟ್ ಉದುರಿಸಿದ ಮೇಲೆ ಭಾಗ್ಯಶ್ರೀ ಹಳೆಯ ಬಾಟಲಿಯನ್ನು ಹೊಸದರ ಬಾಯಿಗೆ ಬೋರಲು ಹಿಡಿದು ಟಪಟಪ ತಟ್ಟಿದಳು. ದೀರ್ಘಾಯುಷಿಗಳು ಬೂಷ್ಟಿನಿಂದ ಬಿಡಿಸಿಕೊಂಡು ಒಂದೊಂದಾಗಿ ಕೆಳಗಿಳಿದವು. ಸುತ್ತ ನಿಂತ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಅಸ್ಥಿಪಂಜರದ ಮುಂದೆ ಅಂದು ಒಬ್ಬರೂ ಇರಲಿಲ್ಲ.

“ಕುಂತು ತಿನ್ನಾಕ್ಹತ್ತಾವ ನೋಡ್ರಿ ಸರ!” ಎಂದು ಭಾಗ್ಯಶ್ರೀ ನಕ್ಕಳು. ಆ ನಗು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಯಾರಿಗೂ ಕಾಣದಂತೆ ಮೈಕ್ರೋಸ್ಕೋಪಿನೊಳಗೆ ಮುಖವಿಟ್ಟೆ.

“ತುಂಬ ತಿನ್ಬೇಡಿ ಅನ್ನಿ ಸಾರ್ ಅವಕ್ಕೆ. ಶುಗರ್ ಬಂದಾತು” ಎಂದರು ಮುನಿಯಪ್ಪನವರು, ಆಸೆಗಣ್ಣಿನಿಂದ ಬಾಟಲಿಗಳನ್ನು ನೋಡುತ್ತಾ.

ನೊಣಗಳು ಬದುಕಿದವು. ಮೊಟ್ಟೆಯಿಟ್ಟವು, ಮೊಮ್ಮಕ್ಕಳನ್ನು ಕಂಡವು. ಕೆಲವು ತಿಂಗಳ ನಂತರ ಭಾಗ್ಯಶ್ರೀ ತನ್ನ ಥೀಸಿಸ್ಸನ್ನು ವಿಭಾಗದ ಎಲ್ಲರ ಮುಂದೆ ಮಂಡಿಸಿದಳು. ಕೇಳಿದ ಪ್ರಶ್ನೆಗಳಿಗೆಲ್ಲ ಪಟಪಟ ಉತ್ತರ ಕೊಟ್ಟಳು. ಮೊದಲ ಸಾಲಿನಲ್ಲಿ ಕುಳಿತು ನಾನು ಹೆಮ್ಮೆಯಿಂದ ಬೀಗಿದೆ. ಕೊನೆಗೆ ಪರದೆಯ ಮೇಲೆ ಕೃತಜ್ಞತೆಗಳ ಪುಟ ಬಂತು. ಕೋಟಿನ ಗುಂಡಿ ಹಾಕಿಕೊಂಡು, ಎದ್ದು ನಿಂತು ನಮಸ್ಕರಿಸಲು ಸಿದ್ಧನಾದೆ.

ಮೊದಲ ಹೆಸರು ಮುನಿಯಪ್ಪನವರದ್ದು, ಸಕಾಲಕ್ಕೆ ಮೀಡಿಯಂ ತಲುಪಿಸಿದ್ದಕ್ಕೆ. ಎರಡನೆಯದು ಜಯಮ್ಮನವರದ್ದು, ಅದನ್ನು ಕಾವಲು ಕಾಯ್ದು ಕೆಡದಂತೆ ಇಟ್ಟಿದ್ದಕ್ಕೆ. ಮೂರನೆಯದು ಸುಮಾಳದ್ದು, ತಾಂತ್ರಿಕ ನೆರವಿಗೆ. ನನ್ನ ಹೆಸರು ಎಲ್ಲರಿಗಿಂತ ಕೊನೆಗಿತ್ತು: “ಅಂದು ಪಾತ್ರೆಗಳನ್ನೆಲ್ಲ ತೊಳೆದುಕೊಟ್ಟ ನಮ್ಮ ಮಾರ್ಗದರ್ಶಕರಿಗೆ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಸಂಜೆ ಲ್ಯಾಬಿನಲ್ಲೂ ಮನೆಯಲ್ಲೂ ನನ್ನನ್ನು ನಂಬಿ ಎಲ್ಲರೂ ಕೊಟ್ಟಿದ್ದ ಕೆಲಸ ಅದೊಂದೇ! ಎದ್ದು ನಿಂತು ಎಲ್ಲರಿಗೂ ಕೈ ಮುಗಿದೆ. ಹಿಂದಿನ ಸಾಲಿನಿಂದ ಸುಮಾ, “ಕುಕ್ಕರ್ ತಳ ಸರಿಯಾಗಿ ಉಜ್ಜಿರಲಿಲ್ಲ” ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.